ನನ್ನ ಕಥೆಗಳನ್ನು ಅವರು ಓದಿದ ವರ್ಷ

ಮದುವೆಯಾಗಿ ಮೂವತ್ತಾರು ವರ್ಷವಾಗಿದ್ದರೂ ನನ್ನ ಗಂಡ ನಾನು ಬರೆದ ಒಂದು ಕಥೆಯನ್ನೂ ಪೂರ್ತಿ ಓದಿರಲಿಲ್ಲ. ದೂರು ಹೇಳಲೆಂದು ಇದನ್ನು ಬರೆಯುತ್ತಿಲ್ಲ. ಅವರು ಕರೆಂಟಿನ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು. ನಾನು ಸರ್ಕಾರಿ ನರ್ಸು. ಬಳಗಾನೂರು ಸುತ್ತಿನ ಹಳ್ಳಿಗಳಲ್ಲಿ ಬಸುರಿಯರನ್ನು ನೋಡಿ, ಕೂಸುಗಳಿಗೆ ಸೂಜಿ ಹಾಕಿ, ಸಂಜೆಯ ಬಸ್ಸಿಗೆ ಮಸ್ಕಿಗೆ ಮರಳುತ್ತಿದ್ದವಳು. ಬರೆಯುವುದೆಲ್ಲ ಬಸ್ಸಿಗೆ ಕಾಯುವಾಗ, ಇಲ್ಲವೇ ಅನ್ನಕ್ಕೆ ಇಟ್ಟ ನೀರು ಕುದಿಯುವಾಗ. ಹಾಗೆ ಬರೆದವೇ ಸೇರಿ ಮೂರು ಕಥಾಸಂಕಲನಗಳಾದವು.

ಮದುವೆಯಾದ ಹೊಸತರಲ್ಲಿ ನನ್ನ ಮೊದಲ ಕಥೆ ಒಂದು ವಾರಪತ್ರಿಕೆಯಲ್ಲಿ ಬಂದಾಗ ಅವರ ಕೈಗೆ ಕೊಟ್ಟಿದ್ದೆ. ಅವರು ಅದನ್ನು ಇಕ್ಕಳ, ಫ್ಯೂಸ್ ತಂತಿ ತುಂಬಿದ ತಮ್ಮ ಚೀಲದಲ್ಲಿ ಇಟ್ಟುಕೊಂಡು ಒಂದು ತಿಂಗಳು ಊರೂರು ತಿರುಗಿಸಿದರು. ವಾಪಸು ಕೊಟ್ಟಾಗ ಪುಟಗಳಿಗೆಲ್ಲ ಗ್ರೀಸ್ ಹತ್ತಿತ್ತು.

“ಚೊಲೊ ಬರದೀದಿ,” ಅಂದರು.

“ಕಡೀಕ ಆ ಹೆಣ್ಮಗಳು ಏನು ಮಾಡಿದ್ಲು ಹೇಳ್ರಿ ನೋಡೋಣು?”

ಅವರು ಚೀಲದಲ್ಲಿ ಏನನ್ನೋ ಹುಡುಕತೊಡಗಿದರು. ಅಂದಿನಿಂದ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಲಿಂಗಸುಗೂರಿನಲ್ಲಿ ನನ್ನ ಎರಡನೇ ಪುಸ್ತಕದ ಬಿಡುಗಡೆ ಇದ್ದಾಗ ಮೈಕು ಕುಂಯ್ ಎಂದು ಕೂಗಿಕೊಳ್ಳುತ್ತಿತ್ತು. ಅವರೇ ಎದ್ದು ಹೋಗಿ ವೈರು ಸರಿಮಾಡಿ, ಹಿಂದಿನ ಸಾಲಿನಲ್ಲಿ ಕೂತು, ಎಲ್ಲರೂ ನಿಲ್ಲಿಸಿದ ಮೇಲೂ ಚಪ್ಪಾಳೆ ತಟ್ಟುತ್ತಿದ್ದರು. ನನಗೆ ಅಷ್ಟೇ ಸಾಕಾಗಿತ್ತು.

ನಿವೃತ್ತಳಾದ ಎರಡನೇ ವರ್ಷ ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುವ ಬಟ್ಟೆ ಕೈಗೆಟುಕದಂತೆ ದೂರವಿತ್ತು. ಅವರು ಅಲ್ಲೇ ನಿಂತು ಚಹಾ ಕುಡಿಯುತ್ತಿದ್ದರು.

“ಅದು ಕೊಡ್ರಿ,” ಅಂದೆ.

“ಯಾವುದು?”

ಮುಂದೆ ನನಗೆ ಏನೂ ಸಿಗಲಿಲ್ಲ. ಬಟ್ಟೆ ಕಣ್ಣೆದುರಿಗಿತ್ತು, ಅದರ ಹೆಸರು ಇರಲಿಲ್ಲ. ಹಿಟ್ಟಿನ ಮೇಲಿದ್ದ ನನ್ನ ಬಲಗೈ ಬೇರೆ ಯಾರದೋ ಕೈಯಂತೆ ಜಾರಿ ಪರಾತದ ಅಂಚಿಗೆ ಬಿತ್ತು. ಬಾಯಿ ಒಂದು ಕಡೆಗೆ ಎಳೆದುಕೊಂಡಿತು.

ಏನಾಗುತ್ತಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಬಾಯಿ ಸೊಟ್ಟಾಗುವುದು, ಕೈ ಸೋಲುವುದು, ಮಾತು ತೊದಲುವುದು, ಈ ಮೂರರಲ್ಲಿ ಒಂದು ಕಂಡರೂ ತಡ ಮಾಡದೆ ಆಸ್ಪತ್ರೆಗೆ ಓಡಬೇಕೆಂದು ಎಷ್ಟು ಹಳ್ಳಿಗಳ ಕಟ್ಟೆಯ ಮೇಲೆ ನಿಂತು ಹೇಳಿದ್ದೆನೋ. ಬಿಪಿ ಗುಳಿಗೆ ಒಂದು ದಿನವೂ ತಪ್ಪಿಸಬಾರದೆಂದು ಅದೇ ಬಾಯಿಂದ ಹೇಳಿ, ನನ್ನ ಗುಳಿಗೆಗಳನ್ನು ವಾರಗಟ್ಟಲೆ ಮರೆತವಳೂ ನಾನೇ.

ನನ್ನ ಪಕ್ಕದಲ್ಲಿ ಮಿಕ್ಸರ್ ಇತ್ತು. ನನ್ನ ಗಂಡ ನನ್ನನ್ನು ನೋಡಿದರು, ಮಿಕ್ಸರ್ ನೋಡಿದರು, ನನ್ನನ್ನು ಮುಟ್ಟದೆ ಹೊರಗೆ ಓಡಿಹೋದರು. ಮೇನ್ ಸ್ವಿಚ್ ಇಳಿಸಿದ ಸದ್ದು ಕೇಳಿತು. ಫ್ಯಾನು ನಿಂತಿತು. ಬಂದವರೇ ಕಟ್ಟಿಗೆಯ ಮಣೆಯೊಂದನ್ನು ಎಳೆದುಕೊಂಡು, ಅದರ ಮೇಲೆ ನಿಂತು, ಆಮೇಲೆ ನನ್ನ ಹೆಗಲು ಹಿಡಿದರು. ‘ಕರೆಂಟ್ ಅಲ್ರೀ, ಲಕ್ವಾ’ ಎಂದು ಹೇಳಬೇಕೆಂದಿದ್ದೆ. ಅಂಥ ಹೊತ್ತಿನಲ್ಲೂ ನನಗೆ ನಗು ಬಂದದ್ದು ನೆನಪಿದೆ. ಹೊರಗೆ ಬಂದದ್ದು ಬರೀ ಜೊಲ್ಲು.

ಎದುರುಮನೆಯವರ ಕಾರಿನಲ್ಲಿ ಲಿಂಗಸುಗೂರಿಗೆ ಒಯ್ದರು, ಅಲ್ಲಿಂದ ಆಂಬ್ಯುಲೆನ್ಸಿನಲ್ಲಿ ರಾಯಚೂರಿಗೆ. ಜೀವ ಉಳಿಯಿತು. ಕಾಲು ನಿಧಾನವಾಗಿ ಬಂತು. ಕೈ ಅರ್ಧ ಬಂತು. ಮಾತು ಬರಲಿಲ್ಲ. ಬಂದದ್ದು ಒಂದೇ ಒಂದು ಪದ, ‘ಆಮ್ಯಾಲ’.

ಏಕೆ ಅದೇ ಉಳಿಯಿತೆಂದು ಯಾವ ಡಾಕ್ಟರೂ ಹೇಳಲಿಲ್ಲ. ನಿಮ್ಮ ಹೆಸರೇನು ಎಂದರೆ “ಆಮ್ಯಾಲ.” ಇವರು ಯಾರು ಎಂದು ಗಂಡನನ್ನು ತೋರಿಸಿದರೆ “ಆಮ್ಯಾಲ.” ಒಳಗೆ ಹೇಳಬೇಕಾದದ್ದೆಲ್ಲ ಸರಿಯಾಗಿಯೇ ಇರುತ್ತಿತ್ತು, ಬಾಗಿಲಿಗೆ ಬಂದಾಗ ಆ ಒಂದು ಪದ ಎಲ್ಲರನ್ನೂ ಹಿಂದೆ ತಳ್ಳಿ ತಾನು ಹೊರಗೆ ಬರುತ್ತಿತ್ತು.

ಸಿಂಧನೂರಿನ ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಮಗಳು ರಜೆ ಹಾಕಿ ಆಸ್ಪತ್ರೆಯಲ್ಲಿ ನನ್ನ ಜೊತೆಗಿದ್ದಳು. ಮೊದಲ ಸಲ ಬಾಯಿಂದ ಊಟ ಕೊಡಬಹುದೆಂದು ಹೇಳಿದ ದಿನ ಮೆತ್ತನೆಯ ಅನ್ನ, ಬೇಳೆ ತಂದು ಮುಂದೆ ಹಿಡಿದಳು. ನನಗೆ ಹಸಿವೆಯಿಂದ ಕಣ್ಣು ಕತ್ತಲೆ ಬರುತ್ತಿತ್ತು.

“ಉಣ್ತೀಯೇನಬೇ?”

“ಆಮ್ಯಾಲ,” ಅಂದೆ.

ಅವಳು ತಟ್ಟೆ ಮುಚ್ಚಿಟ್ಟಳು. ಅರ್ಧ ತಾಸು ಬಿಟ್ಟು ಮತ್ತೆ ಕೇಳಿದಳು. ನಾನು ಮತ್ತೆ ಅದನ್ನೇ ಹೇಳಿದೆ. ಮೂರನೇ ಸಲ ಅವಳು ತಟ್ಟೆ ಎತ್ತುವಷ್ಟರಲ್ಲಿ ಎಡಗೈಯಿಂದ ಅದರ ಅಂಚು ಹಿಡಿದು ಬಿಡಲೇ ಇಲ್ಲ. ಅವಳಿಗೆ ಆಗ ತಿಳಿಯಿತು. ಉಣ್ಣಿಸುತ್ತಾ ಅತ್ತಳು. ನಾನು ಅಳಲಿಲ್ಲ, ನನ್ನ ಲಕ್ಷ್ಯವೆಲ್ಲ ಅನ್ನದ ಮೇಲಿತ್ತು.

ಮನೆಗೆ ಬಂದ ಮೇಲೆ ಇನ್ನೊಂದು ಗೊತ್ತಾಯಿತು. ಕಪಾಟಿನಿಂದ ನನ್ನದೇ ಪುಸ್ತಕ ತೆಗೆದು ಬಿಚ್ಚಿದೆ. ಅದು ಕನ್ನಡವೆಂದು ಗೊತ್ತು, ನಾನು ಬರೆದದ್ದೆಂದು ಮುಖಪುಟ ನೋಡಿ ಗೊತ್ತು. ಆದರೆ ಅಕ್ಷರಗಳು ಪದವಾಗಿ ಕೂಡುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಯಾರೋ ನಮ್ಮೂರಿನವರೇ ಕಂಡು, ಯಾವ ಮನೆಯವರೆಂದು ಹೊಳೆಯದೆ ಹೋದಾಗ ಆಗುವಂಥ ಸಂಕಟ, ಅದೂ ಒಂದೊಂದು ಸಾಲಿನಲ್ಲೂ. ಪುಸ್ತಕ ಮುಚ್ಚಿ ಇಟ್ಟುಬಿಟ್ಟೆ. ಆ ದಿನ ಮಾತ್ರ ಬಚ್ಚಲಮನೆಯಲ್ಲಿ ನೀರು ಬಿಟ್ಟುಕೊಂಡು ಅತ್ತಿದ್ದೇನೆ.

ಸಿಂಧನೂರಿನಲ್ಲಿ ಲಕ್ವಾ ಹೊಡೆದವರಿಗೆ ಮಾತು ಕಲಿಸುವ ಡಾಕ್ಟರೊಬ್ಬಳು ವಾರಕ್ಕೆ ಎರಡು ದಿನ ಕೂರುತ್ತಾಳೆಂದು ಮಗಳು ಹುಡುಕಿದಳು. ಮೈಸೂರು ಕಡೆಯ ಹುಡುಗಿ. ಬಾಳೆಹಣ್ಣು, ಛತ್ರಿ, ಬಾಚಣಿಗೆಯ ಚಿತ್ರಗಳನ್ನು ಒಂದೊಂದಾಗಿ ಮುಂದಿಡುತ್ತಿದ್ದಳು. ಅಂಗನವಾಡಿಯ ಗೋಡೆಯ ಮೇಲೆ ನಾನೇ ಅಂಟಿಸಿದಂಥ ಚಿತ್ರಗಳು. ಬಾಚಣಿಗೆಯ ಮುಂದೆ ಕೂತು ಬೆವರುತ್ತಿದ್ದೆ.

ನಾನು ಬೇಸರಗೊಂಡದ್ದನ್ನು ಅವಳು ಕಂಡಳು. ಕಥೆ ಬರೆಯುತ್ತಿದ್ದವಳೆಂದು ಮಗಳಿಂದ ತಿಳಿದು ನನ್ನ ಗಂಡನಿಗೆ ಹೇಳಿದಳು: “ಅವರಿಗೆ ತುಂಬಾ ಗೊತ್ತಿರೋದನ್ನ ದಿನಾ ಓದಿ ಹೇಳಿ ಸರ್. ಒಂದೊಂದು ಸಾಲಿನ ಕೊನೇ ಪದ ಹೇಳದೆ ನಿಲ್ಲಿಸಿ. ಅವರೇ ತುಂಬಲಿ. ಕಾಯಿರಿ, ಅವಸರ ಮಾಡಬೇಡಿ.”

ಮಸ್ಕಿಗೆ ಬರುವ ಬಸ್ಸಿನಲ್ಲಿ ಅವರು ಯೋಚನೆ ಮಾಡುತ್ತಾ ಕೂತಿದ್ದರು. “ನಿನಗ ಭಾಳ ಗೊತ್ತಿರೋದು ಅಂದ್ರ ಯಾವುದು?” ಎಂದು ನನ್ನನ್ನೇ ಕೇಳಿ, ನಾನು ಬಾಯಿ ತೆರೆಯುವ ಮೊದಲು, “ಹೂಂ, ಅವ ಇರಬೇಕು,” ಎಂದು ತಾವೇ ಉತ್ತರ ಹೇಳಿಕೊಂಡರು.

ಮರುದಿನ ನಾಷ್ಟಾ ಆದ ಮೇಲೆ ಪಡಸಾಲೆಯಲ್ಲಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ತಾವೊಂದು ಸ್ಟೂಲು ಹಾಕಿಕೊಂಡು, ಕನ್ನಡಕ ಒರೆಸಿ, ನನ್ನ ಮೊದಲ ಪುಸ್ತಕ ಬಿಚ್ಚಿದರು. ಮುಖಪುಟದಿಂದಲೇ ಶುರುಮಾಡಿದರು. ಪುಸ್ತಕದ ಹೆಸರು, ನನ್ನ ಹೆಸರು, ಮುದ್ರಣ ಎಷ್ಟನೆಯದು, ಕಾಗದ ಯಾವ ಸೈಜಿನದು, ಹಕ್ಕುಗಳು ಯಾರವು. ಒಂದನ್ನೂ ಬಿಡಲಿಲ್ಲ. ಲೈನು ಪರೀಕ್ಷೆ ಮಾಡುವಾಗ ಅವರು ಒಂದು ಕಂಬವನ್ನೂ ಬಿಟ್ಟವರಲ್ಲ. ಬೆರಳನ್ನು ಒಂದೊಂದು ಪದದ ಕೆಳಗಿಟ್ಟು, ಅದು ಭದ್ರವಾಗಿದೆಯೆಂದು ಖಾತ್ರಿಯಾದ ಮೇಲೆ ಮುಂದಿನದಕ್ಕೆ ಹೋಗುತ್ತಿದ್ದರು. ಮೊದಲ ಕಥೆಯ ಮೊದಲ ಪುಟಕ್ಕೆ ಹೆಚ್ಚುಕಡಿಮೆ ಒಂದು ತಾಸು ಹಿಡಿಯಿತು.

ಡಾಕ್ಟರು ಹೇಳಿದಂತೆ ಕೊನೆಯ ಪದ ಬಿಟ್ಟು ನಿಲ್ಲುತ್ತಿದ್ದರು. ನಾನು “ಆಮ್ಯಾಲ” ಅನ್ನುತ್ತಿದ್ದೆ. “ಹೂಂ, ಓದ್ತೀನಿ ತಡಿ,” ಎಂದು ಅವರು ಮುಂದೆ ಹೋಗುತ್ತಿದ್ದರು. ಪಾಠ ಹೀಗೆ ಕೆಟ್ಟುಹೋದರೂ ಓದು ನಿಲ್ಲಲಿಲ್ಲ. ಸ್ವಲ್ಪ ದಿನದಲ್ಲಿ ಅವರು ನನಗಾಗಿ ಓದುವುದನ್ನು ಬಿಟ್ಟು ಮುಂದೇನಾಯಿತೆಂದು ತಮಗೇ ತಿಳಿಯಬೇಕಾಗಿ ಓದತೊಡಗಿದರು. ಒಂದು ಕಥೆಯಲ್ಲಿ ಸೂಲಗಿತ್ತಿಯೊಬ್ಬಳು ಸರ್ಕಾರಿ ನರ್ಸಮ್ಮನಿಗೆ ಪಾಠ ಕಲಿಸುತ್ತಾಳೆ. ಅದನ್ನು ಓದಿ ತೊಡೆ ತಟ್ಟಿಕೊಂಡು ನಕ್ಕರು. “ಇದು ನಿನಗ ಆಗಿದ್ದ ಅಲ್ಲೇನು? ನನಗ ಒಂದಿನಾನೂ ಹೇಳಲಿಲ್ಲ ನೋಡು!”

ಹೇಳಿದ್ದೆ. ಮೂವತ್ತು ವರ್ಷದಿಂದ ಕಪಾಟಿನಲ್ಲಿತ್ತು.

ಆರನೆಯ ಕಥೆ ಬರುವುದಿತ್ತು. ಅದು ಗೊತ್ತಾಗಿ ನಾನು ಎರಡು ದಿನ ಮೊದಲೇ ಕಳವಳಪಡತೊಡಗಿದೆ. ಪುಸ್ತಕ ಬಚ್ಚಿಡಬೇಕೆಂದು ನೋಡಿದೆ, ಎಡಗೈಗೆ ಕಪಾಟಿನ ಮೇಲಿನ ಅರೆ ಎಟುಕಲಿಲ್ಲ. ‘ಅದೊಂದು ಬಿಡ್ರಿ’ ಎನ್ನಲು ಬಾಯಿಯಿಲ್ಲ.

ಆ ಕಥೆಯಲ್ಲಿ ಒಬ್ಬ ಬಸ್ ಡ್ರೈವರ್ ಇದ್ದಾನೆ. ಅವನ ಹೆಂಡತಿಗೆ ಐದು ತಿಂಗಳಲ್ಲಿ ಗರ್ಭ ಹೋಗುತ್ತದೆ. ಅದೇ ದಿನ ಅವನು ಡ್ಯೂಟಿಗೆ ಹೋಗಿ, ಸಂಜೆ ಬಂದು, ಉಂಡು, ಒಂದು ಮಾತೂ ಆಡದೆ ಮಲಗುತ್ತಾನೆ. ಇವನ ಎದೆಯಲ್ಲಿ ಕಲ್ಲಿದೆ ಎಂದು ಹೆಂಡತಿ ತಿಳಿಯುವಲ್ಲಿಗೆ ಕಥೆ ಮುಗಿಯುತ್ತದೆ. ಮಗಳು ಹುಟ್ಟಿದ ನಾಲ್ಕು ವರ್ಷಕ್ಕೆ ನನಗೆ ಎರಡನೆಯದು ಹೀಗೇ ಹೋಗಿತ್ತು. ಲೈನ್‌ಮನ್ ಅನ್ನು ಡ್ರೈವರ್ ಮಾಡಿದ್ದೆ, ಅಷ್ಟೇ. ಆ ಕಥೆಯನ್ನು ಓದಿ ಅನೇಕ ಹೆಂಗಸರು ನನಗೆ ಪತ್ರ ಬರೆದಿದ್ದರು.

ಅವರು ಓದಿದರು. ಬೆರಳು ಇನ್ನೂ ನಿಧಾನವಾಯಿತು. ಕೊನೆಯ ಸಾಲನ್ನು ಪೂರ್ತಿ ಓದಿದರು, ಪದ ಬಿಟ್ಟು ನಿಲ್ಲಲಿಲ್ಲ. ಪುಸ್ತಕವನ್ನು ತೊಡೆಯ ಮೇಲೆ ಮಗುಚಿಟ್ಟು ಕೇಳಿದರು:

“ಈ ಡ್ರೈವರ್ ನಾನೇನು?”

ಅಲ್ಲ ಎನ್ನಬೇಕೋ ಹೌದು ಎನ್ನಬೇಕೋ ನನಗೇ ಗೊತ್ತಿರಲಿಲ್ಲ. ಗೊತ್ತಿದ್ದರೂ ಬರುತ್ತಿದ್ದದ್ದು ಒಂದೇ.

“ಆಮ್ಯಾಲ,” ಅಂದೆ.

ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡು ಬೆಟ್ಟದ ಕಡೆಗೆ ನಡೆದುಹೋದರು. ಮೂರು ದಿನ ಪುಸ್ತಕ ಮುಟ್ಟಲಿಲ್ಲ. ಗುಳಿಗೆ ಕೊಟ್ಟರು, ತಲೆ ಬಾಚಿದರು, ಕಾಲಿನ ವ್ಯಾಯಾಮ ಮಾಡಿಸಿದರು, ಎಲ್ಲವೂ ಹೊತ್ತುಹೊತ್ತಿಗೆ. ಮಾತು ಮಾತ್ರ ನನ್ನಷ್ಟೇ.

ನಾಲ್ಕನೇ ದಿನ ನಾಷ್ಟಾ ಆದ ಮೇಲೆ ಸ್ಟೂಲು ಹಾಕಿಕೊಂಡು ಕೂತರು. ಪುಸ್ತಕ ತರಲಿಲ್ಲ.

“ಅವತ್ತು ನಾ ಡ್ಯೂಟಿ ಮಾಡಲಿಲ್ಲ,” ಅಂದರು. “ಆಫೀಸಿಗೆ ಹೋಗಿ ರಜಾ ಬರದು ಕೊಟ್ಟೆ. ಮನಿಗೆ ಬರಬೇಕಂತ ಹೊಂಟೆ. ಕಾಲುವಿ ತನಕ ಬಂದೆ. ಅಲ್ಲಿಂದ ಮುಂದ ಕಾಲು ಏಳಲಿಲ್ಲ. ಬಂದು ನಿನಗ ಏನಂತ ಹೇಳಲಿ? ಒಂದು ಮಾತೂ ಸಿಗಲಿಲ್ಲ. ಕಾಲುವಿ ದಂಡಿ ಮ್ಯಾಲ ಕುಂತೆ. ಏನರ ಸಿಕ್ಕರ ಹೋಗಿ ಹೇಳೋಣು ಅಂತ ಸಂಜಿಮಟ ಕುಂತೆ. ಸಿಗಲಿಲ್ಲ. ಹಂಗ ಬಂದು ಉಂಡು ಮಕ್ಕೊಂಡೆ.”

ನಾನು ಅವರನ್ನು ನೋಡುತ್ತಿದ್ದೆ.

“ನೀ ಕಥಿ ಬರದಿದ್ದು ತಪ್ಪಲ್ಲ ಬಿಡು. ನಿನಗ ಹಂಗ ಕಂಡೈತಿ. ಆದ್ರ ಕಲ್ಲು ಇರಲಿಲ್ಲ.”

ಅಷ್ಟು ಹೇಳಿ ಏಳಲು ಹೋದರು. ನಾನು ಅವರ ಅಂಗಿ ಹಿಡಿದೆ. “ಆಮ್ಯಾಲ?” ಅಂದೆ. ಆ ಪದವನ್ನು ಆ ದಿನ ಮೊದಲ ಬಾರಿಗೆ ಅದರ ಅರ್ಥದಲ್ಲೇ ಹೇಳಿದ್ದೆ.

ಅವರು ಮತ್ತೆ ಕೂತರು. “ಆಮ್ಯಾಲ ಏನು. ಎಮ್ಮಿ ಹೊಡಕೊಂಡು ಒಬ್ಬ ಬಂದ. ನನ್ನ ಚೀಲಾ ನೋಡಿ, ಕರೆಂಟ್ ಯಾವಾಗ ಬರತೈತ್ರಿ ಅಂತ ಕೇಳಿದ. ಬರತೈತಿ ಅಂದೆ. ಅವತ್ತು ಇಡೀ ದಿನಕ್ಕ ನಾ ಆಡಿದ ಮಾತು ಅದೊಂದ.”

ನಾನು ನಕ್ಕೆ. ಅವರೂ ನಕ್ಕರು. ಇಬ್ಬರ ಕಣ್ಣಲ್ಲೂ ನೀರಿತ್ತು. ಬರೆಯುವವರ ಬುದ್ಧಿ ಎಂಥದೆಂದು ಹೇಳಬೇಕು: ಅಳುತ್ತಿರುವಾಗಲೇ, ಇದು ಮೊದಲೇ ಗೊತ್ತಿದ್ದರೆ ಆ ಕಥೆಯನ್ನು ಕಾಲುವೆಯ ದಂಡೆಯ ಮೇಲೆ ಮುಗಿಸಬಹುದಿತ್ತು ಎಂದು ನನಗನ್ನಿಸಿತು. ಅವರನ್ನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಹಳ್ಳಿಹಳ್ಳಿಯ ಹೆಂಗಸರನ್ನು ಕೂರಿಸಿಕೊಂಡು ಅವರ ಕಥೆ ಕೇಳಿದವಳು ಮನೆಯಲ್ಲಿ ಕೇಳಿರಲಿಲ್ಲ.

ಓದು ಮತ್ತೆ ಶುರುವಾಯಿತು. ಎರಡನೇ ಪುಸ್ತಕದಲ್ಲಿ ನನ್ನ ಅತ್ತೆಯ ಕಥೆಯಿದೆ. ಸೊಸೆಗೆ ಸಹಜ ಹೆರಿಗೆ ಮಾಡಿಸಿದ ಲಿಂಗಸುಗೂರಿನ ಲೇಡಿ ಡಾಕ್ಟರಿಗೆ ಕೊಡಲೆಂದು ಅತ್ತೆ ಒಂದು ಕೋಳಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಬಸ್ಸು ಹತ್ತುತ್ತಾಳೆ. ಕಂಡಕ್ಟರಿಗೆ ಗೊತ್ತಾಗದಂತೆ ಅದನ್ನು ಮಗುವಿನಂತೆ ತಟ್ಟುತ್ತಾ ಕೂತಿರುವಾಗ ಕೋಳಿ ಅವಳ ಮಡಿಲಲ್ಲೇ ಮೊಟ್ಟೆಯಿಡುತ್ತದೆ. ನನ್ನ ಓದುಗರಿಗೆಲ್ಲ ಪ್ರೀತಿಯ ಕಥೆ.

ಅವರು ಅರ್ಧ ಓದಿ ನಿಲ್ಲಿಸಿದರು. “ಇದು ತಪ್ಪೈತಿ. ಅದು ಕೋಳಿ ಅಲ್ಲ, ಹುಂಜ. ನಮ್ಮವ್ವ ಹುಂಜಾನ ಒಯ್ದಿದ್ಲು. ಕೆಂಪ ಹುಂಜ.”

ನನಗೆ ಸಿಟ್ಟು ಬಂತು. ತಲೆ ಅಲ್ಲಾಡಿಸಿದೆ.

“ಏನು ತಲಿ ಅಲ್ಲಾಡಿಸ್ತಿ? ಹುಂಜ ಅದು. ನಾನ ಹಿಡದು ಕೊಟ್ಟೀನಿ.”

“ತ…” ಅಂದೆ. ನಾಲಿಗೆ ಹಲ್ಲಿಗೆ ತಾಗಿ ನಿಂತಿತು. “ತ… ತತ್ತಿ! ತತ್ತಿ ಇಟ್ಟಿತ್ತು!”

ಹುಂಜ ಮೊಟ್ಟೆಯಿಡುವುದುಂಟೇ ಎಂಬುದು ನನ್ನ ವಾದ. ಅವರ ಬೆರಳು ಪುಟದ ಮೇಲೆ ಹಾಗೇ ಇತ್ತು. ನನಗೂ ನನ್ನ ದನಿ ಕೇಳಿ ಗಾಬರಿಯಾಗಿತ್ತು.

“ಏನಂದಿ?”

“ತತ್ತಿ… ಇಟ್ಟಿತ್ತು,” ಅಂದೆ ಮತ್ತೆ, ಎಲ್ಲಿ ಬಿದ್ದುಹೋಗುವುದೋ ಎಂಬ ಹೆದರಿಕೆಯಲ್ಲಿ.

ಅವರು ಕನ್ನಡಕ ತೆಗೆದರು. ಆಮೇಲೆ ಮೆತ್ತಗೆ, “ಖರೇ ಹೇಳ್ಲಿ? ತತ್ತಿ ನೀ ಕಥಿಗೆ ಹಾಕೀದಿ. ಬಸ್ಸಿನ್ಯಾಗ ಯಾವ ತತ್ತೀನೂ ಇಟ್ಟಿಲ್ಲ,” ಅಂದರು.

ಅದು ನಿಜವಾಗಿತ್ತು. ಮೊಟ್ಟೆ ನಾನು ಕಟ್ಟಿದ್ದು. ಎಷ್ಟೋ ವರ್ಷ ಹೇಳಿ ಹೇಳಿ ನಡೆದದ್ದೇ ಹಾಗೆ ಎಂದು ನಾನೂ ನಂಬಿಬಿಟ್ಟಿದ್ದೆ. ಲಕ್ವಾ ಹೊಡೆದ ಮೇಲೆ ನಾನು ಆಡಿದ ಮೊದಲ ವಾಕ್ಯ ಹಸಿ ಸುಳ್ಳು, ಅದೂ ಗಂಡನ ಜೊತೆ ಜಗಳಾಡಲು.

ಅವರು ಮಗಳಿಗೆ ಫೋನು ಮಾಡಿ, “ನಿಮ್ಮವ್ವ ತಕರಾರು ತಗಿಯಾಕತ್ತಾಳ,” ಎಂದು ಹೇಳಿದರು. ಮಗಳು ಸಂಜೆಯೇ ಸಿಂಧನೂರಿನಿಂದ ಬಂದಳು.

ಅಂದಿನಿಂದ ಅವರು ತಮ್ಮದೇ ಒಂದು ಪಾಠ ಹುಡುಕಿಕೊಂಡರು. ಪದ ಬಿಟ್ಟು ನಿಲ್ಲುವುದನ್ನು ಕೈಬಿಟ್ಟು, ಬೇಕೆಂದೇ ತಪ್ಪು ಓದತೊಡಗಿದರು. ಎಮ್ಮೆ ಇದ್ದಲ್ಲಿ ಆಕಳು ಎಂದು ಓದುವುದು, ಜೋಳ ಇದ್ದಲ್ಲಿ ಭತ್ತ, ಗುರುಗುಂಟಾ ಇದ್ದಲ್ಲಿ ಹಟ್ಟಿ. ನಾನು ಹುಟ್ಟಿ ಬೆಳೆದದ್ದು ಗುರುಗುಂಟಾದಲ್ಲಿ. ನನ್ನ ತವರುಮನೆಯ ಜಗಲಿಯನ್ನು ಎತ್ತಿಕೊಂಡು ಹೋಗಿ ಹಟ್ಟಿಯ ಚಿನ್ನದ ಗಣಿಯ ಬಾಗಿಲಲ್ಲಿ ಇಟ್ಟರೆ ಯಾರು ಸುಮ್ಮನಿರುತ್ತಾರೆ? “ಗು… ಗುರು… ಗುಂಟಾ!” ಎಂದು ಕುರ್ಚಿಯ ಕೈ ಬಡಿಯುತ್ತಿದ್ದೆ. ಅವರು ಮುಗ್ಧರಂತೆ ಬೆರಳಿಟ್ಟು ನೋಡಿ, “ಹೌದಲಾ, ಗುರುಗುಂಟಾ ಐತಿ,” ಅನ್ನುತ್ತಿದ್ದರು. ತಪ್ಪನ್ನು ಕೇಳಿ ಸುಮ್ಮನಿರಲು ನನ್ನಿಂದ ಆಗುವುದಿಲ್ಲವೆಂದು ಡಾಕ್ಟರಿಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಸಿಂಧನೂರಿನ ಡಾಕ್ಟರು ಹುಡುಗಿ ಬೆರಗಾದಳು. “ಮನೇಲಿ ಏನ್ ಮಾಡ್ತಿದೀರಿ ಸರ್?”

“ಏನಿಲ್ರಿ, ಜರಾ ಜಗಳಾಡ್ತೀವಿ,” ಅಂದರು ಅವರು.

ಮಾತು ಬಂತು ಎಂದರೆ ಹಳೆಯ ಮಾತೇ ಬಂತೆಂದು ಯಾರೂ ತಿಳಿಯಬಾರದು. ನಲವತ್ತು ವರ್ಷ ಓದಿ, ಬರೆದು ಕೂಡಿಸಿಕೊಂಡ ಪುಸ್ತಕದ ಕನ್ನಡ ಬಹಳ ತಡವಾಗಿ, ಅಷ್ಟಿಷ್ಟು ಬಂತು. ಮೊದಲು ಬಂದದ್ದು ನನ್ನವ್ವನ ಮಾತು: ತತ್ತಿ, ಗಡಿಗಿ, ಕಸಬರಿಗಿ, ಹಗೇವು. ಧಾನ್ಯ ತುಂಬಿಡುವ ನೆಲದೊಳಗಿನ ಕಣಜಕ್ಕೆ ಹಗೇವು ಎನ್ನುವುದನ್ನು ನಾನು ಬಾಯಲ್ಲಿ ಆಡಿ ಎಷ್ಟು ಕಾಲವಾಗಿತ್ತೋ. ಮಗಳ ಹೆಸರು ಸಿಗದ ದಿನಗಳಲ್ಲಿ ಹಗೇವು ಸಿಗುತ್ತಿತ್ತು. ಈಗಲೂ ಕೆಲವು ದಿನ ಮಗಳ ಹೆಸರು ಹೋಗಿಬಿಡುತ್ತದೆ. ಅವಳು ಫೋನು ಮಾಡಿದಾಗ “ಏ ಹುಡುಗಿ” ಎಂದು ಕರೆದು ನಿಭಾಯಿಸುತ್ತೇನೆ. ಅವಳಿಗೆ ಗೊತ್ತಿದೆ, ಗೊತ್ತಿಲ್ಲದಂತೆ ಇರುತ್ತಾಳೆ.

ಇದನ್ನು ಬರೆಯುತ್ತಿರುವ ರೀತಿಯನ್ನೂ ಹೇಳಿಬಿಡುತ್ತೇನೆ. ನಾನು ಒಂದೊಂದೇ ಸಾಲು ಹೇಳುತ್ತೇನೆ. ಅವರು ಗೆರೆ ಹಾಕಿದ ನೋಟುಬುಕ್ಕಿನಲ್ಲಿ, ಕೇಳಿದ್ದು ಕೇಳಿದಂತೆ ಬರೆದುಕೊಳ್ಳುತ್ತಾರೆ. ಭಾನುವಾರ ಮಗಳು ಬಂದು ಅದನ್ನು ಅಚ್ಚಿನ ಕನ್ನಡಕ್ಕೆ ತಿದ್ದಿ ಓದುತ್ತಾಳೆ, ನಾನು ಕೇಳಿ ಬೇಡವಾದದ್ದನ್ನು ತೆಗೆಸುತ್ತೇನೆ. ಒಂದು ಪುಟಕ್ಕೆ ಒಂದೊಂದು ಸಲ ಎರಡು ವಾರ ಹಿಡಿಯುತ್ತದೆ. ನನಗೀಗ ಅವಸರವಿಲ್ಲ.

ಇನ್ನೊಂದು ಭೇಟಿಯ ಬಗ್ಗೆ ಹೇಳಬೇಕು.

ಸಿಂಧನೂರಿನಲ್ಲಿ ನನಗಿಂತ ಹಿರಿಯ ಕವಿಯೊಬ್ಬರಿದ್ದಾರೆ. ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಮನೆಯಲ್ಲಿ ಆಡುವುದು ದಖನಿ ಉರ್ದು, ಕವಿತೆ ಬರೆಯುವುದು ಕನ್ನಡದಲ್ಲಿ. ಅವರಷ್ಟು ಮೃದುವಾಗಿ ಮಾತಾಡುವವರನ್ನು ನಾನು ಕಂಡಿಲ್ಲ. ಚಹಾ ತಂದ ಹುಡುಗನಿಗೂ ‘ದಯಮಾಡಿ ಇಲ್ಲಿಡ್ರಿ’ ಅನ್ನುವವರು. ನನಗಿಂತ ಮೂರು ವರ್ಷ ಮೊದಲೇ ಅವರಿಗೆ ಲಕ್ವಾ ಹೊಡೆದು ಮಾತು ಹೋಗಿತ್ತು. ಆಗ ನಾನು ಹಣ್ಣು ತೆಗೆದುಕೊಂಡು ನೋಡಲು ಹೋಗಿದ್ದೆ. ಅವರ ಎದುರಿಗೇ ಕೂತು, ಅವರ ಹೆಂಡತಿಗೆ, “ಇವರಿಗೆ ನಾವು ಆಡಿದ್ದು ತಿಳಿತೈತೇನ್ರಿ ಆಪಾ?” ಎಂದು ಕೇಳಿದ್ದೆ. ಹತ್ತು ನಿಮಿಷ ಕೂತು ಎದ್ದುಬಂದಿದ್ದೆ. ಮತ್ತೆ ಹೋಗಿರಲಿಲ್ಲ. ನರ್ಸಾಗಿದ್ದವಳು ನಾನು, ಹಾಗೆ ಕೇಳಬಾರದಿತ್ತು. ನನಗೆ ಹೆದರಿಕೆಯಾಗಿತ್ತು, ಅದು ಇದ್ದ ಮಾತು.

ನನಗೇ ಹಾಗಾದ ಮೇಲೆ ಜನ ನನ್ನ ಮುಂದೆ ಕೂತು ನನ್ನ ಗಂಡನಿಗೆ, “ಮೇಡಂ ಚಹಾ ಕುಡಿತಾರೇನ್ರಿ?” ಎಂದು ಕೇಳುವಾಗಲೆಲ್ಲ ಆ ಕವಿಯ ಮುಖ ನೆನಪಾಗುತ್ತಿತ್ತು. ಕಡೆಗೆ ಒಂದು ದಿನ ಡಾಕ್ಟರ ಹತ್ತಿರ ಹೋದಾಗ, “ಆಪಾ… ಮನಿ,” ಎಂದು ಗಂಡನಿಗೆ ಹೇಳಿ ಕರೆದುಕೊಂಡು ಹೋದೆ.

ಕವಿ ಕಿಟಕಿಯ ಹತ್ತಿರದ ಮಂಚದ ಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕೂತಿದ್ದರು. ನನ್ನನ್ನು ನೋಡಿದ ಕೂಡಲೇ ಮುಖ ಅರಳಿತು. ಎಡಗೈ ಎತ್ತಿ ಸ್ಪಷ್ಟವಾಗಿ, “ಅದರವ್ವನ!” ಅಂದರು.

ನನ್ನ ಗಂಡ ಬಾಗಿಲಲ್ಲೇ ನಿಂತುಬಿಟ್ಟರು. ಆಪಾ ಹಣೆ ಹಣೆ ಬಡಿದುಕೊಂಡರು.

“ತಪ್ಪು ತಿಳ್ಕೋಬ್ಯಾಡ್ರಿ. ಇವ್ರಿಗೆ ಉಳಿದಿದ್ದು ಇದೊಂದ ಮಾತು. ನಲವತ್ತು ವರ್ಷ ಸಂಸಾರ ಮಾಡೀನಿ, ಇವ್ರ ಬಾಯಾಗ ಒಂದು ಬೈಗುಳ ಕೇಳಿಲ್ಲ. ಯಾ ಅಲ್ಲಾ, ಇದನ್ನ ಎಲ್ಲಿ ಇಟ್ಕೊಂಡಿದ್ರೋ ಏನೋ! ಮೊನ್ನಿ ಮಸೀದಿ ಹಿರೇರು ಬಂದ್ರು, ಅವ್ರಿಗೂ ಇದ.”

ಆಪಾ ನನ್ನ ಗಂಡನನ್ನು ಅಡುಗೆಮನೆಯ ಕಡೆಗೆ ಕರೆದುಕೊಂಡು ಹೋದರು. ಅಲ್ಲಿ ಅವರಿಬ್ಬರೂ ಗುಳಿಗೆ, ಮಾಲೀಶು, ಬಚ್ಚಲಲ್ಲಿ ಜಾರದಂತೆ ಹಾಕುವ ಚಾಪೆಯ ಬಗ್ಗೆ ಮಾತಾಡುತ್ತಿದ್ದದ್ದು ಕೇಳುತ್ತಿತ್ತು. ನಾನು ಕವಿಯ ಎದುರಿಗೆ ಕುರ್ಚಿ ಎಳೆದುಕೊಂಡೆ. ಬಸ್ಸಿನಲ್ಲಿ ಬರುವಾಗ ಹೇಳಬೇಕಾದದ್ದನ್ನು ಹತ್ತು ಸಲ ಜೋಡಿಸಿಕೊಂಡಿದ್ದೆ. ಅವರ ಮುಖ ನೋಡಿದ ಮೇಲೆ ಅದೆಲ್ಲ ಚದುರಿಹೋಯಿತು.

“ಅವತ್ತು,” ಅಂದೆ. “ನಾ… ಕೇಳಿದ್ದು. ತಪ್ಪು. ನಂದು.”

ಅವರು ಕಾದರು. ಮಾತಿಲ್ಲದವರಿಗೆ ಮಾತ್ರ ಗೊತ್ತಿರುವ ಕಾಯುವಿಕೆ ಅದು. ಮುಂದಿನ ಪದವನ್ನು ಯಾರೂ ನನ್ನ ಬಾಯಿಗೆ ತುರುಕಲಿಲ್ಲ.

“ನಿಮಗ… ಎಲ್ಲಾ… ತಿಳಿತಿತ್ತು.”

“ಅದರವ್ವನ,” ಅಂದರು ಅವರು, ಬಹಳ ಮೆತ್ತಗೆ. ಹೋಗಲಿ ಬಿಡ್ರಿ ಎನ್ನುವ ಧಾಟಿ ಅದು. ಅವರು ಹಿಂದೆ ದೊಡ್ಡ ಸಭೆಗಳಲ್ಲಿ ಕವಿತೆ ಓದುವಾಗಿನ ಅದೇ ಇಳಿದನಿ. ನನ್ನ ಕೈ ತಟ್ಟಿದರು. ಆಮೇಲೆ ಏನೋ ನೆನಪಾದಂತೆ ತಲೆದಿಂಬಿನ ಕೆಳಗಿಂದ ನನ್ನ ಎರಡನೇ ಪುಸ್ತಕ ತೆಗೆದು, ಕೋಳಿಯ ಕಥೆ ಬಿಚ್ಚಿ, ಒಂದು ಸಾಲಿನ ಮೇಲೆ ಬೆರಳಿಟ್ಟು, ಅದೇ ಕೈಯಿಂದ ಮೊಟ್ಟೆಯ ಆಕಾರ ಮಾಡಿ ತೋರಿಸಿ, ಭುಜ ಕುಣಿಸಿ ನಗುತ್ತಾ ಮತ್ತೆ ಅದನ್ನೇ ಅಂದರು. ಆ ಕಥೆಗೆ ಬಂದ ವಿಮರ್ಶೆಗಳಲ್ಲೆಲ್ಲ ಅದೇ ನನಗೆ ಬಹಳ ಸೇರಿದ್ದು.

“ಸುಳ್ಳು,” ಅಂದೆ ನಾನು, ಆ ಸಾಲನ್ನು ತೋರಿಸಿ. “ನಾ… ಹಾಕಿದ್ದು.”

ಅವರು ಇನ್ನೂ ಜೋರಾಗಿ ನಕ್ಕರು. ಆಪಾ ಚಹಾ ತಂದವರು, “ಏನು ನಡಸೀರಿ ಇಬ್ರೂ?” ಎಂದು ಕೇಳಿದರು. ನಾವು ಚಹಾ ಕುಡಿದೆವು. ಅವರ ಕೈ ನಡುಗಿ ಚಹಾ ಬಿಳಿ ಅಂಗಿಯ ಮೇಲೆ ಚೆಲ್ಲಿತು, ನನ್ನದು ಸೀರೆಯ ಮೇಲೆ. ಈಗ ತಿಂಗಳಿಗೆ ಒಂದು ಸಲವಾದರೂ ಹೋಗುತ್ತೇನೆ.

ಆ ದಿನ ಮಸ್ಕಿಗೆ ಮರಳುವಾಗ ಕಿಟಕಿಯ ಪಕ್ಕ ನನಗೆ ಸೀಟು ಸಿಕ್ಕಿತು. ಕಂಡಕ್ಟರ್ ಬಂದು, “ಎಲ್ಲಿಗಬೇ?” ಎಂದ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದರೂ ಊರು ಹೇಳಿ ಚೀಟಿ ಪಡೆಯಬೇಕಲ್ಲ. ನಾನೇ ಹೇಳುತ್ತೇನೆಂದು ಗಂಡನಿಗೆ ಕೈ ಮಾಡಿ ಸುಮ್ಮನಿರಿಸಿದೆ. ಆಧಾರ್ ಕಾರ್ಡು ತೋರಿಸಿ, ಉಸಿರು ಎಳೆದುಕೊಂಡು, “ಲಿಂಗಸೂರು,” ಅಂದೆ.

ಹೇಳಿದ ಕೂಡಲೇ ಗೊತ್ತಾಯಿತು, ಇಳಿಯಬೇಕಾದದ್ದು ಮಸ್ಕಿಯಲ್ಲಿ, ಲಿಂಗಸುಗೂರಿನಲ್ಲಲ್ಲ. ಅಷ್ಟರಲ್ಲಿ ಮಷೀನು ಚೀಟಿ ಹೊರಗೆ ಹಾಕಿತ್ತು.

“ಮಸ್ಕಿ ಒಂದು,” ಅಂದರು ನನ್ನ ಗಂಡ.

ಕಂಡಕ್ಟರ್ ಇಬ್ಬರನ್ನೂ ನೋಡಿದ. “ಕೂಡೇ ಅದೀರಿಲ್ರೀ ನೀವಿಬ್ರೂ?”

“ಮೂವತ್ತೆಂಟು ವರ್ಷ ಆತ್ರಿ ಕೂಡೇ ಅದೀವಿ. ಆಕಿಗೆ ಇವತ್ತ ಲಿಂಗಸೂರಾಗ ಏನೋ ಕೆಲಸ ಇದ್ದಂಗೈತಿ.”

ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. ಮಸ್ಕಿ ಬಂದಾಗ ಅವರು ಮೊದಲು ಇಳಿದು ಕೆಳಗಿನಿಂದ ಕೈ ಕೊಟ್ಟರು. ನಾನು ಎಡಗಾಲು ಮೊದಲಿಟ್ಟು ನಿಧಾನವಾಗಿ ಇಳಿದೆ. ಮನೆಯಲ್ಲಿ ಹಾಲು ಮುಗಿದಿತ್ತು. ಅವರು ಹಾಲಿಗೆ ಹೋದರು, ನಾನು ಬೀಗ ತೆಗೆದು ಒಳಗೆ ಹೋದೆ.